ಫರ್ಸೋನಾ: ಮನುಷ್ಯರು ತಮಗಾಗಿ ಸೃಷ್ಟಿಸಿಕೊಳ್ಳುವ ಪ್ರಾಣಿರೂಪ

2018ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ವಿಡಿಯೊ ಗೇಮ್ ಪ್ರಶಸ್ತಿ ಸಮಾರಂಭದಲ್ಲಿ, ವರ್ಷದ ಅತ್ಯುತ್ತಮ ಇ-ಸ್ಪೋರ್ಟ್ಸ್ ಆಟಗಾರ ಪ್ರಶಸ್ತಿಯನ್ನು ಸ್ವೀಕರಿಸಲು ವೇದಿಕೆ ಏರಿದ 20 ವರ್ಷದ ಡೊಮಿನಿಕ್ ಮೆಕ್‌ಲೀನ್ ನೀಲಿ ನರಿಯೊಂದರ ತುಪ್ಪಳದ ಉಡುಪಿನಲ್ಲಿದ್ದರು. ಸೋನಿಕ್‌ಫಾಕ್ಸ್ ಎಂಬ ಹೆಸರಿನಲ್ಲಿ ಫೈಟಿಂಗ್ ಗೇಮ್‌ಗಳನ್ನು ಆಡುವ ಅವರು ಅದೇ ವರ್ಷ ಇವೊ ಪಂದ್ಯಾವಳಿಯಲ್ಲಿಯೂ ಗೆದ್ದಿದ್ದರು. ತಾವು ಕಪ್ಪು ವರ್ಣೀಯರು, ಸಲಿಂಗಿ, ಜೊತೆಗೆ ಒಬ್ಬ ಫರ್ರಿ ಎಂದು ಅವರು ಮೈಕ್ ಮುಂದೆ ಹೇಳಿಕೊಂಡರು. ಮೊದಲಿನ ಎರಡನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದಕ್ಕೆ ಮಾತ್ರ ಸ್ವಲ್ಪ ದೀರ್ಘವಾದ ವಿವರಣೆಯೇ ಬೇಕಾಗುತ್ತದೆ, ಏಕೆಂದರೆ ಅದರ ಬಗ್ಗೆ ಹರಡಿರುವ ತಿಳಿವಳಿಕೆಗಿಂತ ಹರಡಿರುವ ಗಾಳಿಸುದ್ದಿಯೇ ಹೆಚ್ಚು.

ಮನುಷ್ಯರಂತೆ ಎರಡು ಕಾಲಿನ ಮೇಲೆ ನಡೆಯುವ, ಮಾತನಾಡುವ, ಬಟ್ಟೆ ತೊಡುವ ಪ್ರಾಣಿಪಾತ್ರಗಳನ್ನು ಮೆಚ್ಚಿ, ಅವುಗಳ ಚಿತ್ರ, ಕಥೆ, ವೇಷಗಳ ಸುತ್ತ ಒಂದು ಹವ್ಯಾಸಿ ಬಳಗವನ್ನು ಕಟ್ಟಿಕೊಂಡವರು ಫರ್ರಿಗಳು. ಈ ಬಳಗದಲ್ಲಿ ಹೆಚ್ಚುಕಡಿಮೆ ಪ್ರತಿಯೊಬ್ಬರಿಗೂ ಒಂದು ಸ್ವಂತ ಪ್ರಾಣಿಪಾತ್ರವಿರುತ್ತದೆ. ಅದಕ್ಕೆ ಫರ್ಸೋನಾ ಎನ್ನುತ್ತಾರೆ. ಕ್ಯಾಥ್ಲೀನ್ ಗರ್ಬಾಸಿ, ಕೋರ್ಟ್ನಿ ಪ್ಲಾಂಟ್ ಮೊದಲಾದ ಮನಶ್ಶಾಸ್ತ್ರಜ್ಞರು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಸಮ್ಮೇಳನಗಳಲ್ಲಿಯೂ ಅಂತರಜಾಲದಲ್ಲಿಯೂ ಸಾವಿರಾರು ಫರ್ರಿಗಳನ್ನು ಸಮೀಕ್ಷೆ ಮಾಡಿ ಕಂಡುಕೊಂಡ ಸಂಗತಿಗಳಲ್ಲಿ ಬಹಳ ಸ್ಥಿರವಾಗಿ ಕಾಣಿಸುವುದು ಇದೇ: ತಮಗೊಂದು ಫರ್ಸೋನಾ ಇದೆ ಎನ್ನುವವರು ಬಹುಪಾಲು, ಆದರೆ ಆ ಪ್ರಾಣಿಯ ಉಡುಪನ್ನು ಹೊಂದಿರುವವರು ಅಲ್ಪಪಾಲು. ಪತ್ರಿಕೆಗಳ ಫೋಟೊಗಳಲ್ಲಿ ತುಪ್ಪಳದ ವೇಷಗಳೇ ಕಣ್ಣಿಗೆ ಬೀಳುವುದರಿಂದ ವೇಷವೇ ಈ ಹವ್ಯಾಸದ ಜೀವಾಳ ಎಂದು ಹೊರಗಿನವರು ತಿಳಿಯುತ್ತಾರೆ. ವಾಸ್ತವದಲ್ಲಿ ಬಹಳಷ್ಟು ಫರ್ಸೋನಾಗಳು ಕಾಗದ, ಪರದೆ ಮತ್ತು ಕಲ್ಪನೆಯಲ್ಲಿಯೇ ಬದುಕುತ್ತವೆ.

ಅಂಥ ಒಂದು ಪಾತ್ರ ಹೇಗೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಅದರ ಸ್ವಭಾವ ಅರ್ಥವಾಗುತ್ತದೆ. ಮೊದಲು ಪ್ರಾಣಿಜಾತಿಯ ಆಯ್ಕೆ. ತೋಳ, ನರಿ, ನಾಯಿ, ಹುಲಿ-ಚಿರತೆಗಳಂಥ ದೊಡ್ಡ ಬೆಕ್ಕುಗಳು ಮತ್ತು ಡ್ರ್ಯಾಗನ್ ಯಾವಾಗಲೂ ಮುಂದಿರುತ್ತವೆ. ನಮಗೆ ಅತ್ಯಂತ ಸಮೀಪದ ನಂಟರಾದ ಮಂಗ, ಚಿಂಪಾಂಜಿಗಳನ್ನು ಆರಿಸಿಕೊಳ್ಳುವವರು ತೀರ ವಿರಳ ಎಂಬುದು ಯೋಚಿಸಬೇಕಾದ ಸಂಗತಿ. ಮನುಷ್ಯನಿಂದ ಒಂದಿಷ್ಟಾದರೂ ದೂರವಿರುವ ದೇಹವೇ ಇಲ್ಲಿ ಬೇಕಾಗಿರುವಂತೆ ತೋರುತ್ತದೆ. ನರಿ ಮತ್ತು ತೋಳದ ಬೆರಕೆಗಳಿವೆ, ಮುಖದ ಜಾಗದಲ್ಲಿ ಎಲ್‌ಇಡಿ ಪರದೆ ಹೊತ್ತ ಅರೆಯಂತ್ರ ಪ್ರಾಣಿಗಳಾದ ಪ್ರೋಟೊಜೆನ್‌ಗಳಿವೆ. ತುಪ್ಪಳವೇ ಇರಬೇಕೆಂಬ ನಿಯಮವೂ ಇಲ್ಲ. ಅಮೆರಿಕದ ಅತಿ ಪ್ರಸಿದ್ಧ ಫರ್ರಿ ಸಮ್ಮೇಳನವಾದ ಆಂಥ್ರೋಕಾನ್‌ನ ಬಹುಕಾಲದ ಅಧ್ಯಕ್ಷ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿರುವ ಸ್ಯಾಮ್ಯುಯೆಲ್ ಕಾನ್‌ವೇ ಅವರ ಪಾತ್ರ ಒಂದು ಸಮುರಾಯ್ ಜಿರಳೆ.

ಜಾತಿ ನಿಶ್ಚಯವಾದ ಮೇಲೆ ರೆಫ್ ಶೀಟ್ ಎಂಬ ಹಾಳೆ ಸಿದ್ಧವಾಗುತ್ತದೆ. ಪಾತ್ರವನ್ನು ಮುಂದಿನಿಂದ, ಹಿಂದಿನಿಂದ, ಕೆಲವೊಮ್ಮೆ ಪಕ್ಕದಿಂದಲೂ ಬಿಡಿಸಿ, ಬಾಲದ ತುದಿಯ ಬಣ್ಣ, ಕಿವಿಯ ಒಳಭಾಗದ ಬಣ್ಣ, ಅಂಗೈಯ ಮೆತ್ತೆಗಳ ಬಣ್ಣ ಎಲ್ಲವನ್ನೂ ಚೌಕಗಳಲ್ಲಿ ತುಂಬಿ, ಪ್ರತಿಯೊಂದಕ್ಕೂ ಕಂಪ್ಯೂಟರಿನ ಬಣ್ಣದ ಸಂಕೇತಸಂಖ್ಯೆಯನ್ನು ಬರೆದಿಡುತ್ತಾರೆ. ಎಡಗಿವಿಯಲ್ಲಿ ಒಂದು ಸೀಳು, ಬಲಗಣ್ಣಿನ ಕೆಳಗೆ ಎರಡು ಮಚ್ಚೆ, ಯಾವಾಗಲೂ ಕೊರಳಲ್ಲಿ ಹಸಿರು ಸ್ಕಾರ್ಫ್ ಎಂಬಂಥ ಟಿಪ್ಪಣಿಗಳು ಪಕ್ಕದಲ್ಲಿರುತ್ತವೆ. ಚಿತ್ರ ಬರೆಯಲು ಬಾರದವರು ಕಲಾವಿದರಿಗೆ ಹಣ ಕೊಟ್ಟು ಬರೆಸುತ್ತಾರೆ. ಕಮಿಷನ್ ಎಂದು ಕರೆಯುವ ಈ ವ್ಯವಹಾರವೇ ಫರ್ರಿ ಲೋಕದ ಅರ್ಥವ್ಯವಸ್ಥೆಯ ಬೆನ್ನೆಲುಬು, ಇದರಿಂದಲೇ ಜೀವನ ಸಾಗಿಸುವ ಚಿತ್ರಕಾರರಿದ್ದಾರೆ. ಹೆಸರು, ವಯಸ್ಸು, ಗುಣ, ಅಂಜಿಕೆ, ಇಷ್ಟದ ತಿಂಡಿ, ಎಲ್ಲವನ್ನೂ ಮಾಲೀಕನೇ ನಿರ್ಧರಿಸುತ್ತಾನೆ. ಸಮೀಕ್ಷೆಗಳಲ್ಲಿ ಹೆಚ್ಚಿನವರು ಫರ್ಸೋನಾವನ್ನು ತಮ್ಮದೇ ಸುಧಾರಿತ ರೂಪವೆಂದು ವರ್ಣಿಸುತ್ತಾರೆ: ತಮಗಿಂತ ಧೈರ್ಯಸ್ಥ, ತಮಗಿಂತ ಸಲಿಗೆಯವನು, ತಮಗಿಂತ ಹಾಸ್ಯಪ್ರಜ್ಞೆಯುಳ್ಳವನು. ಎಲ್ಲರದೂ ಹಾಗಿರುವುದಿಲ್ಲ, ತಮ್ಮ ಸಿಡುಕನ್ನೋ ಸೋಮಾರಿತನವನ್ನೋ ಹಾಗೆಯೇ ಎತ್ತಿ ಪಾತ್ರಕ್ಕೆ ಕೊಟ್ಟವರೂ ಇದ್ದಾರೆ. ಕವಿ ತನಗೊಂದು ಕಾವ್ಯನಾಮವನ್ನಿಟ್ಟುಕೊಂಡು, ಸ್ವಂತ ಹೆಸರಿನಲ್ಲಿ ಆಡಲಾಗದ ಮಾತುಗಳನ್ನು ಆ ಹೆಸರಿನಲ್ಲಿ ಆಡುವುದಕ್ಕೆ ಇದನ್ನು ಹೋಲಿಸಬಹುದು. ಕಾವ್ಯನಾಮಕ್ಕೆ ದೇಹ ಇರುವುದಿಲ್ಲ, ಫರ್ಸೋನಾಕ್ಕೆ ಬಾಲವೂ ಇರುತ್ತದೆ ಎಂಬಷ್ಟು ವ್ಯತ್ಯಾಸ.

ಈ ಬಳಗ ಹುಟ್ಟಿದ್ದು ವೈಜ್ಞಾನಿಕ ಕಥೆಗಳ ಅಭಿಮಾನಿಗಳ ನಡುವೆ. 1980ರಲ್ಲಿ ಬಾಸ್ಟನ್‌ನಲ್ಲಿ ನಡೆದ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನದಲ್ಲಿ ಸ್ಟೀವ್ ಗಲಾಚಿ ಎಂಬ ಕಲಾವಿದ ಪ್ರದರ್ಶಿಸಿದ ಪ್ರಾಣಿಪಾತ್ರದ ಚಿತ್ರವೊಂದರ ಸುತ್ತ ಸೇರಿದವರು ಮುಂದೆ ಬೇರೆ ಬೇರೆ ಸಮ್ಮೇಳನಗಳಲ್ಲಿ ಪದೇ ಪದೇ ಕಲೆಯತೊಡಗಿದರು. ತಮ್ಮ ಚಿತ್ರಗಳನ್ನು ಪ್ರತಿ ಮಾಡಿ ಅಂಚೆಯಲ್ಲಿ ಹಂಚಿಕೊಳ್ಳುವ ಖಾಸಗಿ ಪತ್ರಿಕೆಗಳು ಬಂದವು, ಹೋಟೆಲಿನ ಕೋಣೆಗಳಲ್ಲಿ ರಾತ್ರಿಕೂಟಗಳು ನಡೆದವು, 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಮಾರ್ಕ್ ಮರ್ಲಿನೊ ಮತ್ತು ರಾಡ್ ಓ'ರೈಲಿ ಕಾನ್‌ಫ್ಯೂರೆನ್ಸ್ ಎಂಬ ಮೊದಲ ಪ್ರತ್ಯೇಕ ಸಮ್ಮೇಳನವನ್ನು ನಡೆಸಿದರು. ಬಂದವರು 65 ಮಂದಿ. ಪಿಟ್ಸ್‌ಬರ್ಗ್‌ನಲ್ಲಿ 2006ರಿಂದ ನಡೆಯುತ್ತಿರುವ ಆಂಥ್ರೋಕಾನ್‌ಗೆ 2024ರಲ್ಲಿ 17,000ಕ್ಕೂ ಹೆಚ್ಚು ಜನ ಬಂದಿದ್ದರು. ಯುರೋಪಿನ ಯೂರೋಫರೆನ್ಸ್ 1995ರಲ್ಲಿ ಉತ್ತರ ಜರ್ಮನಿಯಲ್ಲಿ ಬೆರಳೆಣಿಕೆಯ ಗೆಳೆಯರ ಕೂಟವಾಗಿ ಆರಂಭವಾಗಿ ಈಗ ಹ್ಯಾಂಬರ್ಗ್‌ನಲ್ಲಿ ಸಾವಿರಾರು ಜನರನ್ನು ಸೇರಿಸುತ್ತದೆ.

ಆದರೆ ಇತರರು ಬರೆದ ಪ್ರಾಣಿಪಾತ್ರಗಳನ್ನು ಮೆಚ್ಚುವ ಹವ್ಯಾಸವು ಪ್ರತಿಯೊಬ್ಬರೂ ತಮ್ಮದೇ ಪ್ರಾಣಿಯಾಗುವ ಹವ್ಯಾಸವಾಗಿ ಬೆಳೆಯುವಲ್ಲಿ, ನನ್ನ ಎಣಿಕೆಯಂತೆ, ಸಮ್ಮೇಳನಗಳಷ್ಟೇ ದೊಡ್ಡ ಪಾತ್ರ ವಹಿಸಿದ್ದು 1990ರಲ್ಲಿ ಆರಂಭವಾದ, ಹಲವರು ಅಂತರಜಾಲದ ಮೂಲಕ ಒಟ್ಟಿಗೆ ಸೇರುವ ಫರ್ರಿಮಕ್ ಎಂಬ ಪಠ್ಯಲೋಕ. ಅಲ್ಲಿ ಚಿತ್ರಗಳಿರಲಿಲ್ಲ, ಬರಿಯ ಅಕ್ಷರಗಳು. ಒಳಗೆ ಕಾಲಿಟ್ಟವರು ತಮ್ಮ ದೇಹವನ್ನು ತಾವೇ ವಾಕ್ಯಗಳಲ್ಲಿ ವರ್ಣಿಸಿಕೊಳ್ಳಬೇಕಿತ್ತು. ಎದುರಿಗೆ ಬಂದವರು ನೋಡು ಎಂಬ ಆಜ್ಞೆಯನ್ನು ಟೈಪಿಸಿದಾಗ ಆ ವರ್ಣನೆ ಅವರ ಪರದೆಯ ಮೇಲೆ ಮೂಡುತ್ತಿತ್ತು. ವರ್ಣನೆ ಬರೆಯದವರಿಗೆ ಅಲ್ಲಿ ರೂಪವೇ ಇರುತ್ತಿರಲಿಲ್ಲ. ದೇಹವನ್ನು ಪದಗಳಿಂದ ಕಟ್ಟುವ ಅನಿವಾರ್ಯತೆ ಬಂದಾಗ, ಹುಟ್ಟಿನಿಂದ ಬಂದ ದೇಹವನ್ನೇ ಯಥಾವತ್ತಾಗಿ ಬರೆಯುವವರು ಎಷ್ಟು ಮಂದಿ?

ಇನ್ನು ಉಡುಪಿನ ವಿಚಾರ. ಫರ್‌ಸೂಟ್ ಎಂದು ಕರೆಯುವ ಇದನ್ನು ಅಂಗಡಿಯಿಂದ ತರುವುದು ಕಡಿಮೆ, ಹೇಳಿ ಮಾಡಿಸುವುದೇ ಹೆಚ್ಚು, ಬೆಲೆ ಹಲವು ಸಾವಿರ ಡಾಲರ್. ಉತ್ತಮ ತಯಾರಕರ ಬಳಿ ಸರದಿ ಸಿಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಾಯಬೇಕು. ದೂರದ ಊರಿನ ಗಿರಾಕಿಯ ಅಳತೆ ತೆಗೆದುಕೊಳ್ಳುವ ಬಗೆ ವಿಚಿತ್ರವಾಗಿದೆ: ಗಿರಾಕಿ ಹಳೆಯ ಬಟ್ಟೆ ಅಥವಾ ಪ್ಲಾಸ್ಟಿಕ್ ಸುತ್ತಿಕೊಂಡು ನಿಲ್ಲುತ್ತಾನೆ, ಸ್ನೇಹಿತರು ಕೊರಳಿನಿಂದ ಕಾಲಿನವರೆಗೆ ಅವನ ಮೈಗೆ ಡಕ್ಟ್ ಟೇಪನ್ನು ಪಟ್ಟಿ ಪಟ್ಟಿಯಾಗಿ ಅಂಟಿಸುತ್ತಾರೆ, ಮೊಣಕೈ-ಮಂಡಿಗಳ ಜಾಗವನ್ನು ಪೆನ್ನಿನಿಂದ ಗುರುತಿಸುತ್ತಾರೆ, ಕೊನೆಗೆ ಬೆನ್ನಿನ ಮೇಲೆ ಕತ್ತರಿ ಆಡಿಸಿ ಆ ಚಿಪ್ಪನ್ನು ಬಿಡಿಸಿ ಅಂಚೆಯಲ್ಲಿ ಕಳುಹಿಸುತ್ತಾರೆ. ತಯಾರಕರು ಅದರೊಳಗೆ ಹತ್ತಿ ತುರುಕಿ ನಿಲ್ಲಿಸಿದರೆ ಗಿರಾಕಿಯ ದೇಹವೇ ಕಾರ್ಯಾಗಾರದಲ್ಲಿ ನಿಂತಂತಾಗುತ್ತದೆ.

ಉಡುಪಿನ ತಲೆಯನ್ನು, ಸೋಫಾಗಳಿಗೆ ಬಳಸುವಂಥ ಫೋಮನ್ನು ಕೆತ್ತಿ ಅಥವಾ ತ್ರೀಡಿ ಪ್ರಿಂಟರ್‌ನಲ್ಲಿ ಮೂಡಿಸಿ, ಮೇಲೆ ಕೃತಕ ತುಪ್ಪಳವನ್ನು ಅಂಟಿಸಿ, ಮೂತಿಯ ಹತ್ತಿರ ಕೂದಲು ಮಷಿನ್‌ನಿಂದ ಗಿಡ್ಡವಾಗಿ ಕತ್ತರಿಸಿ ರೂಪಿಸುತ್ತಾರೆ. ಕಣ್ಣಿನ ಪಾಪೆಯನ್ನು ಬಣ್ಣ ಬಳಿದ ಜಾಲರಿ ಬಟ್ಟೆಯಿಂದ ಮಾಡಿ, ಅದನ್ನು ಕಣ್ಣಿನ ಬಿಳಿಯಂಚಿಗಿಂತ ಸ್ವಲ್ಪ ಒಳಗೆ ಕೂರಿಸಿದರೆ, ನೋಡುವವರು ಎಲ್ಲಿ ನಿಂತರೂ ಆ ಪ್ರಾಣಿ ತಮ್ಮನ್ನೇ ನೋಡುತ್ತಿರುವಂತೆ ಭಾಸವಾಗುತ್ತದೆ. ತೊಟ್ಟವರಿಗಾದರೋ ಅದೇ ಜಾಲರಿಯಲ್ಲಿ ಮುಂದಿನ ಕೆಲವೇ ಅಡಿಗಳಷ್ಟು ಜಗತ್ತು ಮಸಕಾಗಿ ಕಾಣುತ್ತದೆ. ಮೆಟ್ಟಿಲು ಇಳಿಯಲು, ಓಡಿಬರುವ ಮಕ್ಕಳನ್ನು ತಪ್ಪಿಸಲು ಜೊತೆಗೊಬ್ಬ ಸಹಾಯಕ ಬೇಕೇಬೇಕು. ಒಳಗಿನ ಸೆಕೆ ಅಸಾಧ್ಯ. ಹಾಗಾಗಿ ದೊಡ್ಡ ಸಮ್ಮೇಳನಗಳಲ್ಲಿ ಕ್ಯಾಮೆರಾಗಳಿಗೆ ಪ್ರವೇಶವಿಲ್ಲದ ಒಂದು ಕೋಣೆ ಇರುತ್ತದೆ; ಅಲ್ಲಿ ಸಾಲುಸಾಲಾಗಿ ಫ್ಯಾನುಗಳು, ನೀರಿನ ಕ್ಯಾನುಗಳು, ತಲೆಗಳನ್ನು ಬೋರಲಾಗಿ ಇಟ್ಟು ಒಣಗಿಸುವ ಗಾಳಿಯ ಕೊಳವೆಗಳು ಇರುತ್ತವೆ. ಬೆವರಿನ ವಾಸನೆ ಹೋಗಲಾಡಿಸಲು ನೀರು ಬೆರೆಸಿದ ಅಗ್ಗದ ವೋಡ್ಕಾವನ್ನು ಉಡುಪಿನ ಒಳಗೆ ಸಿಂಪಡಿಸುವುದು ಹಳೆಯ ಉಪಾಯ. ಜನರ ಎದುರು ತಲೆ ತೆಗೆಯಬಾರದು, ಕೇಳದೆ ಯಾರನ್ನೂ ಅಪ್ಪಿಕೊಳ್ಳಬಾರದು ಎಂಬ ಶಿಷ್ಟಾಚಾರಗಳು ಬರೆದಿಟ್ಟ ಕಾನೂನಿಗಿಂತ ಗಟ್ಟಿಯಾಗಿ ಪಾಲನೆಯಾಗುತ್ತವೆ. ಪಿಟ್ಸ್‌ಬರ್ಗ್‌ನಲ್ಲಿ ಸಮ್ಮೇಳನ ಭವನದ ಹತ್ತಿರದ ಕೆಫೆಯೊಂದು ಈ ಅತಿಥಿಗಳಿಗೆಂದೇ ನಾಯಿ ಬಟ್ಟಲುಗಳಲ್ಲಿ ಬಡಿಸಿ ಹೆಸರು ಮಾಡಿತ್ತು. ಮೂತಿ ಇದ್ದವರು ಕುಡಿಯಲು ಸ್ಟ್ರಾ ಕೂಡ ಕೊಡುತ್ತಿತ್ತು.

ಇಷ್ಟೆಲ್ಲ ಶ್ರಮ ಏತಕ್ಕೆ ಎಂಬ ಪ್ರಶ್ನೆಗೆ ಮನೋವಿಜ್ಞಾನದ ಎರಡು ಪ್ರಯೋಗಗಳು, ಫರ್ರಿಗಳಿಗೆ ನೇರವಾಗಿ ಸಂಬಂಧಿಸಿದವಲ್ಲದಿದ್ದರೂ, ಸ್ವಲ್ಪ ಬೆಳಕು ಚೆಲ್ಲುತ್ತವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೇಚಲ್ ವೈಟ್ ಮತ್ತು ಸಂಗಡಿಗರು 4 ಮತ್ತು 6 ವರ್ಷದ 180 ಮಕ್ಕಳಿಗೆ ಹತ್ತು ನಿಮಿಷ ಬೇಸರ ಹುಟ್ಟಿಸುವ ಕೆಲಸವೊಂದನ್ನು ಕೊಟ್ಟು, ಬೇಕಾದಾಗ ಅದನ್ನು ಬಿಟ್ಟು ಪಕ್ಕದ ಐಪ್ಯಾಡ್‌ನಲ್ಲಿ ಆಡಬಹುದು ಎಂದರು. ನಾನು ಶ್ರಮಪಟ್ಟು ಕೆಲಸ ಮಾಡುತ್ತಿದ್ದೇನೆಯೇ ಎಂದು ಕೇಳಿಕೊಂಡ ಮಕ್ಕಳಿಗಿಂತ, ತಮ್ಮದೇ ಹೆಸರು ಹೇಳಿ ಹೊರಗಿನವರಂತೆ ಕೇಳಿಕೊಂಡ ಮಕ್ಕಳು ಹೆಚ್ಚು ಹೊತ್ತು ಕೆಲಸದಲ್ಲಿ ನಿಂತರು; ಬ್ಯಾಟ್‌ಮನ್‌ನಂಥ ಪಾತ್ರದ ವೇಷ ತೊಟ್ಟು, ಬ್ಯಾಟ್‌ಮನ್ ಶ್ರಮಪಟ್ಟು ಕೆಲಸ ಮಾಡುತ್ತಿದ್ದಾನೆಯೇ ಎಂದು ಕೇಳಿಕೊಂಡ ಮಕ್ಕಳು ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತರು. ಅದಕ್ಕೂ ಹತ್ತು ವರ್ಷ ಮೊದಲು ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್, ಕಂಪ್ಯೂಟರ್ ಲೋಕದಲ್ಲಿ ಎತ್ತರದ ದೇಹ ಪಡೆದವರು ಚೌಕಾಸಿಯಲ್ಲಿ ಹೆಚ್ಚು ಬಿಗಿಯಾಗಿ ವರ್ತಿಸುವುದನ್ನು, ಆಕರ್ಷಕ ಮುಖ ಪಡೆದವರು ಅಪರಿಚಿತರ ಹತ್ತಿರ ಹೋಗಿ ತಮ್ಮ ಬಗ್ಗೆ ಹೆಚ್ಚು ಹೇಳಿಕೊಳ್ಳುವುದನ್ನು ತೋರಿಸಿದ್ದರು. ತೊಟ್ಟ ರೂಪಕ್ಕೆ ತಕ್ಕಂತೆ ನಡತೆ ಬಾಗುತ್ತದೆ, ತನ್ನಿಂದ ತಾನು ಒಂದು ಹೆಜ್ಜೆ ದೂರ ನಿಂತಾಗ ಕೆಲವು ಕೆಲಸಗಳು ಸಲೀಸಾಗುತ್ತವೆ ಎಂಬುದು ಇವುಗಳ ತಾತ್ಪರ್ಯ. ಅಪರಿಚಿತರೊಂದಿಗೆ ಮಾತನಾಡಲು ನಾಲಿಗೆ ಏಳದ ಹುಡುಗ ನರಿಯ ತಲೆಯೊಳಗಿನಿಂದ ಸಲೀಸಾಗಿ ಕುಣಿಯುವುದು ಈ ನೋಟದಲ್ಲಿ ಅಷ್ಟೇನೂ ವಿಚಿತ್ರವಲ್ಲ. ಫರ್ರಿಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪ್ರಮಾಣ ಹೊರಗಿನ ಸಮಾಜಕ್ಕಿಂತ ಬಹಳ ಹೆಚ್ಚಿರುವುದನ್ನೂ ಇದರೊಂದಿಗೆ ಇಟ್ಟು ನೋಡಬೇಕು. ತಾನು ಯಾರೆಂದು ಮನೆಯಲ್ಲಿ ಹೇಳಲಾಗದವರಿಗೆ ಮೊದಲು ಹೇಳಿ ನೋಡಲು ಒಂದು ಬೇರೆ ಮುಖ ಒದಗುತ್ತದೆ. ಈ ಲೋಕದಲ್ಲಿ ವಯಸ್ಕರಿಗೆಂದೇ ಇರುವ ಚಿತ್ರಗಳು ಇಲ್ಲವೆಂದಲ್ಲ, ಸಾಕಷ್ಟಿವೆ. ಆದರೆ ಒಟ್ಟು ಹವ್ಯಾಸವನ್ನು ಅದಕ್ಕೆ ಇಳಿಸಿ ಹೇಳುವುದು ಸಮೀಕ್ಷೆಗಳು ತೋರಿಸುವ ಚಿತ್ರಕ್ಕೆ ಹೊಂದುವುದಿಲ್ಲ.

ಇಲ್ಲಿ ಬಹಳ ಎಚ್ಚರದಿಂದ ಬೇರ್ಪಡಿಸಬೇಕಾದ ಮೂರು ಸ್ಥಿತಿಗಳಿವೆ. ಫರ್ರಿಯಾದವರಿಗೆ ತಾವು ಮನುಷ್ಯರೆಂಬುದರಲ್ಲಿ ಸಾಮಾನ್ಯವಾಗಿ ಯಾವ ಸಂಶಯವೂ ಇರುವುದಿಲ್ಲ, ಪಾತ್ರ ತಮ್ಮ ಸೃಷ್ಟಿ ಎಂಬುದು ಗೊತ್ತಿರುತ್ತದೆ. ಥೇರಿಯನ್ ಎಂದು ಕರೆದುಕೊಳ್ಳುವವರ ಅನುಭವ ಬೇರೆ: ತಮ್ಮ ಅಂತರಂಗದಲ್ಲಿ, ಆತ್ಮದಲ್ಲಿ ಅಥವಾ ಮನಸ್ಸಿನ ರಚನೆಯಲ್ಲಿ ತಾವು ತೋಳವೋ ಬೆಕ್ಕೋ ಆಗಿದ್ದೇವೆ ಎಂದು ಅವರು ಭಾವಿಸುತ್ತಾರೆ, ಇಲ್ಲದ ಬಾಲದ ಇರುವಿಕೆ ಅನುಭವಕ್ಕೆ ಬರುತ್ತದೆ ಎನ್ನುವವರೂ ಇದ್ದಾರೆ. ಇಂಥವರು 1990ರ ದಶಕದಲ್ಲಿ ಅಂತರಜಾಲದ ತೋಳಮಾನವ ಚರ್ಚಾಕೂಟಗಳಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡರು. ಡ್ರ್ಯಾಗನ್, ಯಕ್ಷಿಣಿಯಂಥ ಕಾಲ್ಪನಿಕ ಜೀವಿಗಳೊಂದಿಗೆ ಹೀಗೆ ಗುರುತಿಸಿಕೊಳ್ಳುವವರು ಅದರ್‌ಕಿನ್ ಎನಿಸಿಕೊಳ್ಳುತ್ತಾರೆ. ಆದರೆ ಕನ್ನಡಿಯಲ್ಲಿ ಮನುಷ್ಯನ ಮುಖವೇ ಕಾಣುತ್ತದೆ ಎಂಬುದನ್ನು ಇವರೂ ಅಲ್ಲಗಳೆಯುವುದಿಲ್ಲ. ಮೂರನೆಯದು ಕ್ಲಿನಿಕಲ್ ಲೈಕ್ಯಾಂತ್ರೊಪಿ, ಅಂದರೆ ತನ್ನ ದೇಹವೇ ಪ್ರಾಣಿಯಾಗಿ ಮಾರ್ಪಟ್ಟಿದೆ ಎಂಬ ಭ್ರಮೆ; ಇದು ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆಯಂಥ ಕಾಯಿಲೆಗಳ ಜೊತೆ ಕಾಣಿಸಿಕೊಳ್ಳುವ, ಚಿಕಿತ್ಸೆ ಬೇಡುವ ಲಕ್ಷಣ. ಡಚ್ ಮನೋವೈದ್ಯ ಯಾನ್ ಡಿರ್ಕ್ ಬ್ಲೋಮ್ 2014ರಲ್ಲಿ ವೈದ್ಯಕೀಯ ಬರಹಗಳನ್ನೆಲ್ಲ ಜಾಲಾಡಿದಾಗ, 1850ರಿಂದ 2012ರವರೆಗಿನ ಅವಧಿಯಲ್ಲಿ ಪ್ರಾಣಿಯಾದೆನೆಂಬ ಭ್ರಮೆಯ 56 ಪ್ರಕರಣಗಳು ಸಿಕ್ಕವು, ಅವುಗಳಲ್ಲಿ 13 ಮಾತ್ರ ಕಟ್ಟುನಿಟ್ಟಾದ ಅರ್ಥದಲ್ಲಿ ತೋಳವಾದ ಭ್ರಮೆ. ಒಂದೂವರೆ ಶತಮಾನಕ್ಕೆ 56. ಒಂದೇ ಊರಿನ ಒಂದೇ ಸಮ್ಮೇಳನಕ್ಕೆ 17,000. ಎರಡನ್ನೂ ಒಂದೇ ವಸ್ತುವೆಂದು ತಿಳಿಯುವುದು ಎಷ್ಟು ದೂರದ ಮಾತೆಂದು ಇಷ್ಟರಿಂದಲೇ ಕಾಣುತ್ತದೆ. ವಿದ್ವಾಂಸರೂ ಇಲ್ಲಿ ಎಡವಿದ್ದುಂಟು: 2008ರ ತಮ್ಮ ಮೊದಲ ಪ್ರಬಂಧದಲ್ಲಿ ಗರ್ಬಾಸಿ ಮತ್ತು ಸಂಗಡಿಗರು ಕೆಲವು ಫರ್ರಿಗಳನ್ನು ಕುರಿತು ಪ್ರಭೇದ ಗುರುತಿನ ಅಸ್ವಸ್ಥತೆ ಎಂಬ ಹೊಸ ಹೆಸರನ್ನು ಮುಂದಿಟ್ಟರು, ಅದಕ್ಕೆ ಟೀಕೆ ಬಂತು, ಮನೋವೈದ್ಯರು ಯಾರೂ ಅದನ್ನು ರೋಗದ ಪಟ್ಟಿಗೆ ಸೇರಿಸಲಿಲ್ಲ.

ಕರಾವಳಿಯ ಓದುಗರಿಗೆ ಈ ಹೊತ್ತಿಗೆ ಹುಲಿವೇಷ ನೆನಪಾಗಿರಬೇಕು. ಮೈಗೆಲ್ಲ ಹಳದಿ-ಕಪ್ಪು ಬಣ್ಣ ಬಳಿದು, ತಾಸೆಯ ಪೆಟ್ಟಿಗೆ ಹೆಜ್ಜೆ ಹಾಕಿ, ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆಸೆಯುವ ಹುಲಿಗೂ ಪಿಟ್ಸ್‌ಬರ್ಗ್‌ನ ಹುಲಿಗೂ ಹೊರನೋಟಕ್ಕೆ ನಂಟಿದೆ. ಆದರೆ ಹುಲಿವೇಷದ ಹುಲಿ ಊರಿನದು; ಹರಕೆಗೆ ಹಾಕಿದರೂ ಹಬ್ಬಕ್ಕೆ ಹಾಕಿದರೂ ಬಣ್ಣ, ಕುಣಿತ, ಕಾಲ ಮೊದಲೇ ನಿಶ್ಚಯವಾಗಿವೆ, ನಾಲ್ಕು ದಿನ ಕಳೆದ ಮೇಲೆ ಬಣ್ಣ ತೊಳೆದುಹೋಗುತ್ತದೆ, ಈ ಹುಲಿಗೆ ಆ ಹುಲಿಗಿಂತ ಬೇರೆಯಾದ ಹೆಸರಾಗಲಿ ಬಾಲ್ಯವಾಗಲಿ ಇರುವುದಿಲ್ಲ. ಪಂಜುರ್ಲಿ, ಪಿಲಿಚಾಮುಂಡಿಗಳ ವಿಚಾರವಂತೂ ವೇಷವೇ ಅಲ್ಲ, ಆರಾಧನೆ. ಅಲ್ಲಿ ಮಾತನಾಡುವುದು ದೈವ, ಮನುಷ್ಯನ ಖಾಸಗಿ ಆಸೆಗೆ ಜಾಗವಿಲ್ಲ. ಫರ್ಸೋನಾ ಇದಕ್ಕೆ ತದ್ವಿರುದ್ಧ: ಪರಂಪರೆ ಕೊಡದ, ಒಬ್ಬನೇ ಕೂತು ಬರೆದುಕೊಂಡ, ಅವನೊಬ್ಬನದೇ ಆದ ಪ್ರಾಣಿ. ಈ ಕಾರಣಕ್ಕೇ ಹೊರಗಿನವರಿಗೆ ಅದು ಹುಚ್ಚಾಟವಾಗಿ ಕಾಣುವುದು ಸುಲಭವೆಂದು ನನಗೆ ತೋರುತ್ತದೆ. ಎಲ್ಲರೂ ಸೇರಿ ಹುಲಿಯಾದರೆ ಹಬ್ಬ, ಒಬ್ಬನೇ ಆದರೆ ಅನುಮಾನ.

ಆ ಅನುಮಾನ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದಲ್ಲಿ ಎರಡು ನಿದರ್ಶನಗಳಿವೆ. 2014ರ ಡಿಸೆಂಬರ್ 7ರ ನಸುಕಿನಲ್ಲಿ ಶಿಕಾಗೊ ಬಳಿಯ ರೋಸ್‌ಮಾಂಟ್‌ನಲ್ಲಿ ಫರ್ರಿ ಸಮ್ಮೇಳನ ನಡೆಯುತ್ತಿದ್ದ ಹೋಟೆಲಿನ ಮೆಟ್ಟಿಲಿನಲ್ಲಿ ಯಾರೋ ಕ್ಲೋರಿನ್ ಅನಿಲ ಬಿಟ್ಟರು. ಸಾವಿರಾರು ಜನ ಚಳಿಯಲ್ಲಿ ಬೀದಿಗೆ ಬಂದರು, 19 ಮಂದಿ ಆಸ್ಪತ್ರೆ ಸೇರಿದರು. ಸುದ್ದಿಯನ್ನು ಓದುತ್ತಿದ್ದ ಟಿವಿ ವಾಹಿನಿಯೊಂದರಲ್ಲಿ ನಿರೂಪಕಿ ನಗು ತಡೆಯಲಾರದೆ ಎದ್ದುಹೋದರು. ಎರಡನೆಯದು ಶಾಲೆಗಳ ಕುರಿತ ಗಾಳಿಸುದ್ದಿ. ತಮ್ಮನ್ನು ಬೆಕ್ಕೆಂದು ಭಾವಿಸುವ ಮಕ್ಕಳಿಗಾಗಿ ಶೌಚಾಲಯದಲ್ಲಿ ಬೆಕ್ಕಿನ ಮರಳು ತುಂಬಿದ ಟ್ರೇ ಇಟ್ಟಿದ್ದಾರೆ ಎಂದು 2021ರ ಡಿಸೆಂಬರ್‌ನಲ್ಲಿ ಮಿಷಿಗನ್‌ನ ಮಿಡ್‌ಲ್ಯಾಂಡ್‌ನ ಶಾಲಾ ಮಂಡಳಿಯ ಸಭೆಯಲ್ಲಿ ಒಬ್ಬ ಪೋಷಕರು ಹೇಳಿದರು. ಅಂಥದ್ದೇನೂ ಇಲ್ಲವೆಂದು ಅಧಿಕಾರಿ ಮರುತಿಂಗಳೇ ಸ್ಪಷ್ಟಪಡಿಸಿದರೂ, 2022ರ ಚುನಾವಣೆಯ ಹೊತ್ತಿಗೆ ಹತ್ತಾರು ರಾಜಕಾರಣಿಗಳು ಬೇರೆ ಬೇರೆ ರಾಜ್ಯಗಳ ಬಗ್ಗೆ ಅದೇ ಕಥೆಯನ್ನು ಹೇಳತೊಡಗಿದ್ದರು. ಒಂದು ಶಾಲೆಯಲ್ಲಿಯೂ ಅದು ನಿಜವೆಂದು ಸಾಬೀತಾಗಲಿಲ್ಲ. ಹುಡುಕಿದ ಪತ್ರಕರ್ತರಿಗೆ ಬೆಕ್ಕಿನ ಮರಳು ನಿಜಕ್ಕೂ ಸಿಕ್ಕಿದ್ದು ಕೊಲೊರಾಡೊದ ಜೆಫರ್ಸನ್ ಕೌಂಟಿಯಲ್ಲಿ. ಬಂದೂಕುಧಾರಿ ನುಗ್ಗಿ ಮಕ್ಕಳು ತರಗತಿಯಲ್ಲೇ ಗಂಟೆಗಟ್ಟಲೆ ಬಂದಿಯಾಗುವ ಸಂದರ್ಭ ಬಂದರೆ ಮೂತ್ರ ಮಾಡಲು ಇರಲೆಂದು ತುರ್ತು ಬಕೆಟ್‌ಗಳಲ್ಲಿ ಅದನ್ನು ಇಡಲಾಗಿತ್ತು. 1999ರ ಹತ್ಯಾಕಾಂಡ ನಡೆದ ಕೊಲಂಬೈನ್ ಹೈಸ್ಕೂಲ್ ಇರುವುದು ಅದೇ ಶಾಲಾ ಜಿಲ್ಲೆಯಲ್ಲಿ. ಆದರೂ 2025ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಶಾಸಕರೊಬ್ಬರು ಶಾಲೆಯಲ್ಲಿ ಮಕ್ಕಳು ಪ್ರಾಣಿಗಳಂತೆ ವರ್ತಿಸುವುದನ್ನು ನಿಷೇಧಿಸುವ ಮಸೂದೆ ತಂದರು, ರಾಜ್ಯಪಾಲರು ಬೆಂಬಲಿಸಿದರು, ಅದು ಕಾನೂನಾಗಲಿಲ್ಲ.

ಫರ್ಸೋನಾವನ್ನು ಭ್ರಮೆಯೆಂದು ತಿಳಿದವರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ, ಅದನ್ನು ಬದಲಿಸಬಹುದು ಎಂಬುದು. ಒಬ್ಬರಿಗೇ ಎರಡು ಮೂರು ಫರ್ಸೋನಾಗಳಿರುವುದು ಸಾಮಾನ್ಯ. ಹದಿನಾರರಲ್ಲಿ ಕೆಂಪು-ಕಪ್ಪು ಬಣ್ಣದ ಸಿಟ್ಟಿನ ತೋಳವಾಗಿದ್ದವರು ಮೂವತ್ತಕ್ಕೆ ಕನ್ನಡಕದ ಬ್ಯಾಜರ್ (ನೆಲ ತೋಡಿ ಬದುಕುವ ಒಂದು ಕಾಡುಪ್ರಾಣಿ) ಆಗುತ್ತಾರೆ, ಹಳೆಯ ಪಾತ್ರವನ್ನು ಗೆಳೆಯರಿಗೆ ಕೊಡುತ್ತಾರೆ, ಇಲ್ಲವೇ ಮಾರುತ್ತಾರೆ. ಬಳಸಿದ ಫರ್‌ಸೂಟ್‌ಗಳಿಗೆ ಒಳ್ಳೆಯ ಮಾರುಕಟ್ಟೆಯೇ ಇದೆ. ಜಾಹೀರಾತಿನಲ್ಲಿ ಎತ್ತರ, ಪಾದದ ಅಳತೆ, ಮನೆಯಲ್ಲಿ ಸಿಗರೇಟು ಸೇದುವವರಿದ್ದಾರೆಯೇ ಎಂಬ ವಿವರಗಳ ಜೊತೆಗೆ ಪಾತ್ರದ ಹಕ್ಕು ಸೇರಿದೆಯೋ ಇಲ್ಲವೋ ಎಂಬುದನ್ನೂ ನಮೂದಿಸುತ್ತಾರೆ. ಸೇರಿಲ್ಲವೆಂದರೆ ಉಡುಪು ಮಾತ್ರ ನಿಮ್ಮದು. ಹೆಸರು ಮಾರಿದವರ ಬಳಿಯೇ ಉಳಿಯುತ್ತದೆ, ಕೊಂಡವರು ಗುರುತು ಸಿಗದಂತೆ ಒಂದೆರಡು ಪಟ್ಟೆಯನ್ನಾದರೂ ಬದಲಿಸಿಕೊಂಡು ಹೊಸ ಹೆಸರು ಹುಡುಕಿಕೊಳ್ಳಬೇಕು.